ಡಾಮರಿನ ಹದ: ಇಂಜನಿಯರಿಂಗ್ ವಿದ್ಯಾರ್ಥಿಗಳಿಗೆ ಕಲಿಸತಕ್ಕ ಬಗೆ

(ಮಹೋತ್ಸವದ ಅಂಗವಾಗಿ ನಡೆದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)

 

ಮಠದ ಉತ್ಸವದ ಸಭೆಗಳಲ್ಲಿ ವಚನವಿಚಾರ, ಶಿವಯೋಗ, ಷಟ್‌ಸ್ಥಲ ಮೊದಲಾದ ವಿಷಯಗಳು ಪ್ರಸ್ತಾಪಕ್ಕೆ ಬರುವುದು ವಾಡಿಕೆ. ಅಂಥ ಸಭೆಯಲ್ಲಿ ಜಲ್ಲಿ, ಕಲ್ಲುಪುಡಿ, ಡಾಮರುಗಳ ಮಾತು ಹೊರಟರೆ ಇದೇನು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಈ ಸೀಮೆಯ ಭಕ್ತರು ಮಠಕ್ಕೆ ಬರುವುದು ಡಾಮರಿನ ಮೇಲೆಯೇ ಅಲ್ಲವೆ? ದಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಹಾಯ್ದು ಹೋಗುವ ಹೆದ್ದಾರಿಯೊಂದು. ನೆಲಮಂಗಲದ ಮೇಲೆ ತುಮಕೂರಿಗೆ ಹೋಗುವುದೊಂದು. ಹೊಸಕೋಟೆಯ ಮೇಲೆ ಕೋಲಾರಕ್ಕೆ ಹೋಗುವುದೊಂದು. ದೇವನಹಳ್ಳಿಯ ಮೇಲೆ ಹೈದರಾಬಾದಿಗೆ ಹೋಗುವುದೊಂದು. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯೆಂದು ಬೇರ್ಪಟ್ಟ ಸೀಮೆಯ ಈ ನಾಲ್ಕು ತಾಲ್ಲೂಕುಗಳಷ್ಟು ಹೆದ್ದಾರಿಗಳ ಭಾರವನ್ನು ಹೊತ್ತ ತಾಲ್ಲೂಕುಗಳು ನಾಡಿನಲ್ಲಿ ಹೆಚ್ಚಾಗಿರಲಾರವು. ದೇವನಹಳ್ಳಿಯ ವಿಮಾನನಿಲ್ದಾಣವು ೨೦೦೮ರಲ್ಲಿ ತೆರೆದ ತರುವಾಯ ಆ ಭಾರವು ಎಷ್ಟು ಏರಿತೆಂಬುದು ರೇಷ್ಮೆಗೂಡನ್ನೂ ತರಕಾರಿಯನ್ನೂ ಹೇರಿಕೊಂಡು ರಾತ್ರಿಯ ಹೊತ್ತು ಪ್ರಯಾಣಮಾಡುವ ರೈತರಿಗೆ ವಿದಿತವೇ ಇದೆ. ಇಂಥ ರಸ್ತೆಗೆ ಹಾಕತಕ್ಕ ಡಾಮರಿನ ಹದವನ್ನು ನಿರ್ಣಯಿಸುವವನು ಯಾರು? ನಾಲ್ಕು ವರುಷ ಓದಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಾಲೇಜಿನಿಂದ ಹೊರಬಿದ್ದ ಹುಡುಗನೋ ಹುಡುಗಿಯೋ. ಆ ಮಕ್ಕಳಿಗೆ ಅದನ್ನು ಹೇಗೆ ಕಲಿಸಬೇಕೆಂಬುದೇ ಈ ಉಪನ್ಯಾಸದ ವಿಷಯ.

ಮಠಗಳಿಗೂ ಈ ವಿಷಯಕ್ಕೂ ಇರುವ ನಂಟು ಕೇವಲ ದಾರಿಯ ನಂಟಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, ೧೯೧೭ರಲ್ಲಿ, ಬೆಂಗಳೂರಿನಲ್ಲಿ ಇಂಜನಿಯರಿಂಗ್ ಕಾಲೇಜು ಆರಂಭವಾಯಿತು. ಅಲ್ಲಿಂದ ಬಹುಕಾಲ ಈ ವಿದ್ಯೆಯು ಪಟ್ಟಣದವರ ಸೊತ್ತೆಂಬಂತೆಯೇ ಇದ್ದಿತು. ೧೯೬೩ರಲ್ಲಿ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳವರು ಶ್ರೀ ಸಿದ್ಧಗಂಗಾ ಮಠದ ಆಶ್ರಯದಲ್ಲಿ ತುಮಕೂರಿನಲ್ಲಿ ಇಂಜನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. ಅದೇ ವರುಷ ಸುತ್ತೂರು ಮಠದ ವಿದ್ಯಾಪೀಠದಿಂದ ಮೈಸೂರಿನಲ್ಲಿ ಇನ್ನೊಂದು ಕಾಲೇಜು ತೆರೆಯಿತು. ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹದಲ್ಲಿ ಅಕ್ಷರವೆಂದರೆ ಓಂ ನಾಮದಿಂದ ಹಿಡಿದು ಲೋಕೋಪಯೋಗಿಯಾದ ಎಲ್ಲ ವಿದ್ಯೆಯೂ ಸೇರಿತೆಂಬುದನ್ನು ಆ ಪೂಜ್ಯರು ಕಾರ್ಯದಿಂದಲೇ ತೋರಿಸಿಕೊಟ್ಟರು. ಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದ ಒಕ್ಕಲುಮಕ್ಕಳು ಸಿವಿಲ್ ಇಂಜನಿಯರುಗಳಾದರು; ಅವರಲ್ಲಿ ಹಲವರು ರಸ್ತೆಯ ಕೆಲಸವನ್ನೇ ಕಾಯಕವಾಗಿ ಹಿಡಿದರು. ಆದುದರಿಂದ ಆ ಕಾಯಕದ ಒಳಗುಟ್ಟನ್ನು ಮಠದ ಭಕ್ತರೂ ಸ್ವಲ್ಪಮಟ್ಟಿಗೆ ತಿಳಿಯುವುದು ಯುಕ್ತವಾಗಿದೆ.

ಮೊದಲು ವಸ್ತುವಿನ ವಿಚಾರ. ಜನರು ಡಾಮರೆಂದೂ ಟಾರೆಂದೂ ಕರೆಯುವ ವಸ್ತುವು ಈಗ ವಾಸ್ತವವಾಗಿ ಟಾರಲ್ಲ. ಟಾರು ಕಲ್ಲಿದ್ದಲನ್ನು ಕಾಸಿದಾಗ ದೊರೆಯುವಂಥದು. ಈಗ ರಸ್ತೆಗೆ ಬಳಸುವುದು ಬಿಟುಮೆನ್. ಕಚ್ಚಾ ಎಣ್ಣೆಯನ್ನು ಬಟ್ಟಿಯಿಳಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನು ತೆಗೆದ ಮೇಲೆ ತಳದಲ್ಲಿ ಉಳಿಯತಕ್ಕ ಕಪ್ಪು ಅಂಟು. ಜನರ ಬಾಯಲ್ಲಿ ನಿಂತುಹೋದ ಹೆಸರನ್ನು ತಿದ್ದುವುದರಿಂದ ಪ್ರಯೋಜನವಿಲ್ಲ. ಇಲ್ಲಿಯೂ ಡಾಮರೆಂದೇ ಹೇಳಲಾಗುವುದು. ರಸ್ತೆಯ ಮೇಲ್ಪದರದ ನೂರು ತೂಕದಲ್ಲಿ ಈ ಡಾಮರು ಇರುವುದು ಐದೋ ಐದೂವರೆಯೋ ಭಾಗ. ಉಳಿದುದೆಲ್ಲ ಕಲ್ಲು—ದಪ್ಪಜಲ್ಲಿ, ಸಣ್ಣಜಲ್ಲಿ, ಕಲ್ಲುಪುಡಿ, ಅದಕ್ಕಿಂತಲೂ ನುಣುಪಾದ ಹಿಟ್ಟಿನಂಥ ಪುಡಿ. ಬಣ್ಣವನ್ನು ನೋಡಿ ಎಲ್ಲವೂ ಡಾಮರೇ ಎಂದು ನೋಟಕರು ಭಾವಿಸುವರು. ಭಾರವನ್ನು ಹೊರುವುದು ಕಲ್ಲು. ಕಲ್ಲನ್ನು ಬಿಡದಂತೆ ಹಿಡಿಯುವುದು ಮಾತ್ರ ಡಾಮರಿನ ಕೆಲಸ.

ಹಾಗಾದರೆ ಎಷ್ಟು ಕಲ್ಲಿಗೆ ಎಷ್ಟು ಡಾಮರು? ಈ ಒಂದು ಪ್ರಶ್ನೆಗೆ ಉತ್ತರವನ್ನು ಹುಡುಕುವ ಕ್ರಮಕ್ಕೆ ಇಂಜನಿಯರುಗಳು ಮಿಶ್ರಣವಿನ್ಯಾಸವೆಂದು ದೊಡ್ಡ ಹೆಸರನ್ನಿಟ್ಟಿರುವರು. ರಾಗಿಮುದ್ದೆಯನ್ನು ತಿರುವುವ ತಾಯಂದಿರು ಇದನ್ನು ಹದವೆನ್ನುವರು. ನೀರು ಹೆಚ್ಚಾದರೆ ಅಂಬಲಿ, ಕಡಮೆಯಾದರೆ ಗಂಟು. ಹೊಸ ಸೊಸೆಗೆ ಅತ್ತೆಯು ಸೇರು ಹಿಟ್ಟಿಗೆ ಎಷ್ಟು ನೀರೆಂದು ಹೇಳಿಕೊಟ್ಟರೂ, ಹಿಟ್ಟು ಹೊಸದೋ ಹಳೆಯದೋ, ಒಲೆ ಉರಿಯುವುದು ಹೇಗೆ ಎಂಬುದನ್ನು ನೋಡಿಯೇ ನೀರನ್ನು ನಿರ್ಣಯಿಸಬೇಕು. ಡಾಮರಿನಲ್ಲಿಯೂ ಹಾಗೆಯೇ. ಕೇಂದ್ರ ಸರ್ಕಾರದ ರಸ್ತೆ ಇಲಾಖೆಯು ೨೦೧೩ರಲ್ಲಿ ಹೊರಡಿಸಿದ ನಿಬಂಧನೆಗಳಲ್ಲಿ ಮೇಲ್ಪದರದ ಒಂದು ಬಗೆಯ ಮಿಶ್ರಣಕ್ಕೆ ನೂರಕ್ಕೆ ೫.೨, ಇನ್ನೊಂದು ಬಗೆಗೆ ೫.೪ಕ್ಕೆ ಕಡಮೆಯಿಲ್ಲದಂತೆ ಡಾಮರು ಇರತಕ್ಕದ್ದೆಂದು ವಿಧಿಸಿದೆ. ಇದು ಕನಿಷ್ಠ ಪ್ರಮಾಣವೇ ಹೊರತು ಉತ್ತರವಲ್ಲ. ಇಂಥ ಕ್ವಾರಿಯ ಕಲ್ಲಿಗೆ, ಇಂಥ ಕ್ರಷರಿನ ಪುಡಿಗೆ, ಇಂಥ ಡಾಮರಿಗೆ ಎಷ್ಟು ತಕ್ಕದ್ದೆಂಬುದನ್ನು ಪ್ರತಿಯೊಂದು ಸಲವೂ ಪರೀಕ್ಷಿಸಿಯೇ ತಿಳಿಯಬೇಕು.

ಈ ಸೀಮೆಯ ಕಲ್ಲಿನ ವಿಷಯವಾಗಿ ಒಂದು ಮಾತು ಇಲ್ಲಿ ಅವಶ್ಯ. ಶಿವಗಂಗೆಯ ಬೆಟ್ಟವನ್ನು ಹತ್ತಿದವರಿಗೂ ನಂದಿಯ ಬೆಟ್ಟವನ್ನು ದೂರದಿಂದ ಕಂಡವರಿಗೂ ಗೊತ್ತಿರುವಂತೆ ಇದು ಕಣಶಿಲೆಯ ನಾಡು. ಗ್ರಾನೈಟು ಮತ್ತು ಅದರ ದಾಯಾದಿಯಾದ ನೈಸು ಎಂಬ ಪಟ್ಟೆಗಲ್ಲು ಎಲ್ಲೆಲ್ಲಿಯೂ ಹಾಸಿಕೊಂಡಿವೆ. ಗಟ್ಟಿತನಕ್ಕೆ ಈ ಕಲ್ಲುಗಳಲ್ಲಿ ಕೊರತೆಯಿಲ್ಲ. ಆದರೆ ಇವುಗಳಲ್ಲಿ ಬೆಣಚುಕಲ್ಲಿನ ಅಂಶ ಹೆಚ್ಚು. ಆ ಜಾತಿಯ ಕಲ್ಲಿಗೆ ಡಾಮರಿಗಿಂತ ನೀರಿನ ಮೇಲೆ ಒಲವು ಜಾಸ್ತಿ. ಮಳೆಯ ನೀರು ಪದರದೊಳಕ್ಕೆ ಇಳಿದು ನಿಂತರೆ ಕ್ರಮೇಣ ಕಲ್ಲಿನ ಮೈಯನ್ನು ತಾನು ಅಪ್ಪಿಕೊಂಡು ಡಾಮರನ್ನು ಹೊರಕ್ಕೆ ತಳ್ಳುತ್ತದೆ, ಕಲ್ಲು ಬೆತ್ತಲೆಯಾಗುತ್ತದೆ, ಲಾರಿಯ ಚಕ್ರವು ಅದನ್ನು ಕಿತ್ತೊಗೆಯುತ್ತದೆ, ಗುಂಡಿ ಬೀಳುತ್ತದೆ. ಸುಣ್ಣಕಲ್ಲಿಗಾದರೆ ಈ ದೋಷ ಬಹಳ ಕಡಮೆ. ಆದುದರಿಂದಲೇ ಇಂಥ ಕಲ್ಲನ್ನು ಬಳಸುವಲ್ಲಿ ನೀರು ಹೊಯ್ದು ಅರಳಿಸಿದ ಸುಣ್ಣದ ಪುಡಿಯನ್ನು ನೂರಕ್ಕೆ ಎರಡರಷ್ಟು ಬೆರೆಸುವ ಪದ್ಧತಿಯುಂಟು. ಅದಕ್ಕೆ ಬದಲು ಬೇರೆ ರಾಸಾಯನಿಕ ದ್ರವ್ಯಗಳನ್ನು ಡಾಮರಿಗೇ ಸೇರಿಸುವುದೂ ಉಂಟು. ಬೆಂಗಳೂರಿನ ಸುತ್ತ ಭಾದ್ರಪದ ಆಶ್ವಯುಜಗಳಲ್ಲಿ ಮಳೆ ಬಲವಾಗಿ ಹುಯ್ಯುವುದು. ರಸ್ತೆ ಕೆಟ್ಟಿತೆಂದು ಆ ಮಳೆಯನ್ನು ಬಯ್ಯುವುದಕ್ಕಿಂತ, ಕಲ್ಲಿನ ಈ ಸ್ವಭಾವವನ್ನು ವಿದ್ಯಾರ್ಥಿಗೆ ಕಣ್ಣಾರೆ ತೋರಿಸುವುದು ಉತ್ತಮ.

ತೋರಿಸುವ ಬಗೆ ಬಹಳ ಸುಲಭ. ಇನ್ನೂರು ಗ್ರಾಂ ಜಲ್ಲಿಗೆ ನೂರಕ್ಕೆ ಐದರಂತೆ ಕಾದ ಡಾಮರನ್ನು ಸವರಿ, ತಣಿದ ಮೇಲೆ ಗಾಜಿನ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ನಲವತ್ತು ಡಿಗ್ರಿ ಶಾಖದಲ್ಲಿ ಇಪ್ಪತ್ತನಾಲ್ಕು ಘಂಟೆ ಇಡಬೇಕು. ಮಾರನೆಯ ದಿನ ನೋಡಿದಾಗ ನೂರಕ್ಕೆ ತೊಂಬತ್ತೈದು ಭಾಗದ ಮೈಯಾದರೂ ಕಪ್ಪಾಗಿಯೇ ಉಳಿದಿರಬೇಕು. ಇದನ್ನು ಪೇಟೆಯಿಂದ ತರಿಸಿದ ಯಾವುದೋ ಜಲ್ಲಿಯಿಂದ ಮಾಡಿಸದೆ, ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಸಮೀಪದ ಕ್ರಷರಿನಿಂದ ಒಂದೊಂದು ಚೀಲ ತಂದು, ಸುಣ್ಣವಿಲ್ಲದೆ ಒಂದು ಪಾತ್ರೆ, ಸುಣ್ಣದೊಡನೆ ಒಂದು ಪಾತ್ರೆ ಎಂಬಂತೆ ಮಾಡಿ ಪಕ್ಕಪಕ್ಕದಲ್ಲಿಟ್ಟರೆ, ಆ ಎರಡು ಪಾತ್ರೆಗಳು ಕಲಿಸುವಷ್ಟನ್ನು ಒಂದು ಘಂಟೆಯ ಭಾಷಣವು ಕಲಿಸಲಾರದು. ಹೊಸಕೋಟೆಯ ಹುಡುಗನಿಗೆ ತನ್ನೂರ ಕಲ್ಲು ಬೆತ್ತಲೆಯಾಗುವುದನ್ನು ಕಂಡಾಗ ಆಗುವ ಆಶ್ಚರ್ಯವೇ ಪಾಠದ ಅರ್ಧ.

ಇನ್ನು ಹದವನ್ನು ನಿರ್ಣಯಿಸುವ ಮುಖ್ಯ ಪರೀಕ್ಷೆ. ಇದು ಅಮೆರಿಕಾ ದೇಶದ ಮಿಸಿಸಿಪಿ ಸಂಸ್ಥಾನದ ಹೆದ್ದಾರಿ ಇಲಾಖೆಯಲ್ಲಿದ್ದ ಬ್ರೂಸ್ ಮಾರ್ಷಲ್ ಎಂಬವರು ೧೯೩೦ರ ದಶಕದ ಕೊನೆಯಲ್ಲಿ ರೂಪಿಸಿದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಇಳಿದಾಣಗಳನ್ನು ತ್ವರೆಯಾಗಿ ಕಟ್ಟಬೇಕಾಗಿ ಬಂದ ಆ ದೇಶದ ಸೈನ್ಯದ ಇಂಜನಿಯರುಗಳು ಇದನ್ನು ಕೈಗೆತ್ತಿಕೊಂಡು ಬೆಳೆಸಿದರು. ಆ ದೇಶದವರು ೧೯೯೦ರ ದಶಕದ ತರುವಾಯ ಬೇರೊಂದು ಯಂತ್ರವನ್ನೂ ಬೇರೊಂದು ಕ್ರಮವನ್ನೂ ಹಿಡಿದಿರುವರು. ಭಾರತದಲ್ಲಿ ಮಾತ್ರ ಮಾರ್ಷಲ್ ಪದ್ಧತಿಯು ನಿಬಂಧನೆಗಳಲ್ಲಿ ನೆಲೆನಿಂತಿದೆ. ಹಳೆಯದಾದರೂ ವಿದ್ಯಾರ್ಥಿಯ ಕೈಗೆ ಇದಕ್ಕಿಂತ ಒಳ್ಳೆಯ ಗುರು ದೊರೆಯುವುದು ಕಷ್ಟ. ಏಕೆಂದರೆ ಇದರಲ್ಲಿ ಮುಚ್ಚುಮರೆಯಿಲ್ಲ, ಎಲ್ಲವೂ ಕಣ್ಣೆದುರಿಗೆ ನಡೆಯುತ್ತದೆ.

ಕ್ರಮವೇನೆಂದರೆ: ಗೊತ್ತಾದ ಪ್ರಮಾಣದಲ್ಲಿ ಜರಡಿಹಿಡಿದ ಸುಮಾರು ೧೨೦೦ ಗ್ರಾಂ ಜಲ್ಲಿ ಮತ್ತು ಪುಡಿಯನ್ನು ಕಾಸಿ, ೧೫೦ರಿಂದ ೧೬೫ ಡಿಗ್ರಿಯವರೆಗೆ ಕಾದ ಡಾಮರನ್ನು ಹೊಯ್ದು, ಕಲ್ಲಿನ ಪ್ರತಿಯೊಂದು ಹರಳೂ ಕಪ್ಪಾಗುವವರೆಗೆ ಕಲಸುವರು. ಅದನ್ನು ೧೦೧.೬ ಮಿಲಿಮೀಟರು ಅಗಲದ ದುಂಡು ಅಚ್ಚಿನಲ್ಲಿ ತುಂಬಿ, ನಾಲ್ಕೂವರೆ ಕಿಲೋಗ್ರಾಂ ತೂಕದ ಕುಟ್ಟಣಿಯನ್ನು ೪೫೭ ಮಿಲಿಮೀಟರು ಎತ್ತರದಿಂದ ಬಿಟ್ಟು, ಒಂದು ಮಗ್ಗುಲಿಗೆ ೭೫ ಪೆಟ್ಟು, ತಿರುವಿ ಇನ್ನೊಂದು ಮಗ್ಗುಲಿಗೆ ೭೫ ಪೆಟ್ಟು ಹಾಕುವರು. ತಣಿದ ಮೇಲೆ ಬೆಲ್ಲದ ಅಚ್ಚಿನಂತೆ ಒಂದು ಕಪ್ಪು ಬಿಲ್ಲೆ ಹೊರಬೀಳುವುದು; ಅದರ ಎತ್ತರ ೬೩.೫ ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಅದನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ, ಮೈಯೊರಸಿ ಇನ್ನೊಮ್ಮೆ ತೂಗುವರು. ಅನಂತರ ೬೦ ಡಿಗ್ರಿ ಶಾಖದ ನೀರಿನಲ್ಲಿ ಅರ್ಧ ಘಂಟೆ ನೆನೆಯಿಟ್ಟು, ಎರಡು ದವಡೆಗಳ ನಡುವೆ ಅಡ್ಡಲಾಗಿ ಸಿಕ್ಕಿಸಿ, ನಿಮಿಷಕ್ಕೆ ಸುಮಾರು ೫೧ ಮಿಲಿಮೀಟರು ವೇಗದಲ್ಲಿ ಒತ್ತುವರು. ಬೇಸಗೆಯ ನಡುಹಗಲಿನಲ್ಲಿ ಕಪ್ಪುರಸ್ತೆಯ ಮೈ ಬಹಳ ಕಾದಿರುವುದೆಂಬ ಕಾರಣದಿಂದ ಈ ೬೦ ಡಿಗ್ರಿ. ಬಿಲ್ಲೆಯು ಎಷ್ಟು ಭಾರಕ್ಕೆ ಸೋಲುವುದೋ ಅದು ಅದರ ದೃಢತೆ. ಸೋಲುವಷ್ಟರಲ್ಲಿ ಎಷ್ಟು ಅಡಕವಾಯಿತೋ ಅದು ಹರಿವು. ದೃಢತೆಯು ಒಂಬತ್ತು ಕಿಲೋನ್ಯೂಟನ್ನಿಗೆ, ಎಂದರೆ ಸುಮಾರು ೯೧೭ ಕಿಲೋಗ್ರಾಂ ಭಾರಕ್ಕೆ, ಕಡಮೆಯಿರಬಾರದು; ಹರಿವು ಎರಡರಿಂದ ನಾಲ್ಕು ಮಿಲಿಮೀಟರಿನೊಳಗೆ ಇರಬೇಕು. ಹೀಗೆ ಅರ್ಧರ್ಧ ಭಾಗ ಡಾಮರನ್ನು ಏರಿಸುತ್ತ ಐದು ಪ್ರಮಾಣಗಳಲ್ಲಿ, ಪ್ರತಿಯೊಂದಕ್ಕೂ ಮೂರು ಬಿಲ್ಲೆಗಳಂತೆ, ಒಟ್ಟು ಹದಿನೈದು ಬಿಲ್ಲೆಗಳನ್ನು ಮಾಡಿದರೆ ಒಂದು ಪರೀಕ್ಷೆ ಮುಗಿಯಿತು.

ಹದಿನೈದು ಬಿಲ್ಲೆಗಳ ಅಂಕಿಗಳನ್ನು ರೇಖಾಪಟದಲ್ಲಿ ಗುರುತಿಸಿದಾಗ ಒಂದು ಸಂಗತಿ ಕಂಡುಬರುತ್ತದೆ; ಪಾಠದ ಜೀವಾಳವು ಅಲ್ಲಿಯೇ ಇದೆ. ಡಾಮರು ಏರಿದಂತೆ ದೃಢತೆಯು ಏರಿ, ಒಂದು ಶಿಖರವನ್ನು ಮುಟ್ಟಿ, ಅನಂತರ ಇಳಿಯುತ್ತದೆ. ಸಾಂದ್ರತೆಯು ಸ್ವಲ್ಪ ತಡವಾಗಿ ತನ್ನ ಶಿಖರವನ್ನು ಮುಟ್ಟಿ ತಾನೂ ಇಳಿಯುತ್ತದೆ. ಹರಿವು ಏರುತ್ತಲೇ ಹೋಗುತ್ತದೆ. ಬಿಲ್ಲೆಯೊಳಗಿನ ಗಾಳಿಯ ತೆರಪು ಇಳಿಯುತ್ತಲೇ ಹೋಗುತ್ತದೆ. ಒಂದಕ್ಕೆ ಹಿತವಾದ ಪ್ರಮಾಣವು ಇನ್ನೊಂದಕ್ಕೆ ಹಿತವಲ್ಲ. ವಿದ್ಯಾರ್ಥಿಯು ಬಾಲ್ಯದಿಂದ ಹೆಚ್ಚು ಅಂಕವೇ ಮೇಲೆಂದು ಕೇಳುತ್ತ ಬಂದವನು. ಆದುದರಿಂದ ದೃಢತೆಯ ಅಂಕಿ ಹೆಚ್ಚಾದಷ್ಟೂ ಮಿಶ್ರಣವು ಶ್ರೇಷ್ಠವೆಂದು ಬರೆದುಬಿಡುವನು. ಇದು ಸರಿಯಲ್ಲ. ದೃಢತೆ ಅತಿಯಾಗಿ ಹರಿವು ಕಡಮೆಯಾದ ಮಿಶ್ರಣವು ಬಿರುಸು. ಭಾರಕ್ಕೆ ಬಾಗದೆ ಬಿರುಕುಬಿಡುತ್ತದೆ.

ತೆರಪಿನ ವಿಷಯವಂತೂ ವಿದ್ಯಾರ್ಥಿಗೆ ಇನ್ನೂ ವಿಚಿತ್ರವಾಗಿ ತೋರುವುದು. ಬಿಲ್ಲೆಯಲ್ಲಿ ನೂರಕ್ಕೆ ಮೂರರಿಂದ ಐದು ಭಾಗ ಬರಿದಾಗಿಯೇ ಇರಬೇಕೆಂದು ನಿಬಂಧನೆ. ಡಾಮರಿನಿಂದ ತುಂಬಿಬಿಟ್ಟರೆ ನೀರು ಇಳಿಯುವುದೇ ಇಲ್ಲವಲ್ಲ, ಎಂದು ಬುದ್ಧಿವಂತ ವಿದ್ಯಾರ್ಥಿಯು ಕೇಳದಿರಲಾರ. ಕೇಳದಿದ್ದರೆ ಉಪಾಧ್ಯಾಯನೇ ಕೇಳಿಸಬೇಕು. ಉತ್ತರವಿಷ್ಟೆ. ಬಿಸಿಲಿಗೆ ಡಾಮರು ಹಿಗ್ಗುತ್ತದೆ. ಲಾರಿಗಳು ವರುಷಗಟ್ಟಲೆ ಓಡಾಡಿ ಪದರವನ್ನು ಇನ್ನಷ್ಟು ಅಡಕಮಾಡುತ್ತವೆ. ಒಳಗೆ ಎಡೆಯಿಲ್ಲದಿದ್ದರೆ ಡಾಮರು ಮೇಲಕ್ಕೆ ಒಸರುತ್ತದೆ. ಕಲ್ಲುಗಳ ನಡುವೆ ಎಣ್ಣೆಯಂತೆ ನಿಂತು ಅವುಗಳ ಪರಸ್ಪರ ಹಿಡಿತವನ್ನು ಸಡಿಲಿಸುತ್ತದೆ. ರಸ್ತೆಯ ಮೇಲೆ ಚಕ್ರದ ಜಾಡು ಗಾಡಿಯ ಕಾಲದ ಕಾಲುವೆಯಂತೆ ಬೀಳುತ್ತದೆ. ತೆರಪು ಅತಿಯಾದರೆ ಗಾಳಿಯೂ ನೀರೂ ಒಳಹೊಕ್ಕು ಡಾಮರನ್ನು ಗಡುಸುಮಾಡಿ ಕಲ್ಲಿನಿಂದ ಬಿಡಿಸುತ್ತವೆ. ಬಯಲೆಂಬ ಮಾತನ್ನು ಕೇಳಿ ಬೆಳೆದ ಮಠದ ವಿದ್ಯಾರ್ಥಿಗೆ ಬರಿದಾದ ಎಡೆಗೂ ಒಂದು ಕಾರ್ಯವುಂಟೆಂಬುದು ಹೊಸತೆನಿಸಲಾರದೇನೊ. ಆದರೆ ಈ ಹೋಲಿಕೆಯನ್ನು ಹೆಚ್ಚು ದೂರ ಎಳೆಯುವುದು ಬೇಡ. ಆ ಬಯಲು ಅಳತೆಗೆ ಮೀರಿದ್ದು; ಈ ತೆರಪನ್ನು ತಕ್ಕಡಿಯಲ್ಲಿಟ್ಟು ಅಳೆಯಲೇಬೇಕು.

ಇದಕ್ಕಿಂತ ಹತ್ತಿರದ ನಿದರ್ಶನವು ಆಯ್ದಕ್ಕಿ ಲಕ್ಕಮ್ಮನವರದು. ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ದಾಸೋಹಕ್ಕೆ ಹೆಚ್ಚಾದರೆ ಒಳ್ಳೆಯದೇ ಎಂದು ಆ ತಾಯಿಯು ಸಂತೋಷಪಡಲಿಲ್ಲ; ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ತಕ್ಕಷ್ಟು ಎಂಬುದನ್ನು ಅರಿತವರ ನಡೆ ಅದು. ರಸ್ತೆಯ ಕೆಲಸದಲ್ಲಿ ಡಾಮರನ್ನು ಕದಿಯುವ ಪಾಪವನ್ನು ಎಲ್ಲರೂ ಬಲ್ಲರು. ಆ ಅಪವಾದಕ್ಕೆ ಅಂಜಿ ಅರ್ಧ ಭಾಗ ಹೆಚ್ಚು ಹಾಕಿಬಿಡುವ ಸಜ್ಜನ ಇಂಜನಿಯರೂ ರಸ್ತೆಯನ್ನು ಕೆಡಿಸುವನೆಂಬುದನ್ನು ಬಲ್ಲವರು ವಿರಳ.

ಈಗ ತಕ್ಕಡಿಯ ಮಾತು. ಉದಾಹರಣೆಗೆ ಒಂದು ಬಿಲ್ಲೆಯು ಗಾಳಿಯಲ್ಲಿ ೧೨೧೨ ಗ್ರಾಂ, ನೀರಿನಲ್ಲಿ ೬೯೭ ಗ್ರಾಂ, ಮೈಯೊರಸಿದ ಮೇಲೆ ೧೨೧೪ ಗ್ರಾಂ ತೂಗಿತೆನ್ನೋಣ. ಕೊನೆಯ ಎರಡರ ಅಂತರವಾದ ೫೧೭ ಅದರ ಗಾತ್ರ. ಗಾತ್ರದಿಂದ ತೂಕವನ್ನು ಭಾಗಿಸಿದರೆ ಸಾಂದ್ರತೆ ೨.೩೪೪. ತೆರಪೇ ಇಲ್ಲದಿದ್ದರೆ ಈ ಮಿಶ್ರಣದ ಸಾಂದ್ರತೆ ೨.೪೪೦ ಆಗುತ್ತಿತ್ತೆಂದು ಬೇರೆ ಪರೀಕ್ಷೆಯಿಂದ ತಿಳಿದಿದ್ದರೆ, ತೆರಪು ನೂರಕ್ಕೆ ೩.೯, ಮಿಶ್ರಣವು ಉತ್ತೀರ್ಣ. ಅದೇ ಬಿಲ್ಲೆಯನ್ನು ನೀರಿನಲ್ಲಿ ತೂಗುವಾಗ ಬುಟ್ಟಿಗೆ ಅಂಟಿದ ಗಾಳಿಯ ಗುಳ್ಳೆಗಳನ್ನು ಬಿಡಿಸದೆ, ೬೯೭ಕ್ಕೆ ಬದಲು ೬೯೦ ಎಂದು ಬರೆದರೆ ಗಾತ್ರವು ೫೨೪ ಆಗಿ, ತೆರಪು ೫.೨ಕ್ಕೆ ಏರಿ, ಮಿಶ್ರಣವು ಅನುತ್ತೀರ್ಣವಾಗುತ್ತದೆ. ಏಳು ಗ್ರಾಂ! ಒಂದು ಚಿಟಿಕೆ ಕಡಲೆಯ ತೂಕ. ಆ ತಪ್ಪನ್ನು ನಂಬಿದ ಇಂಜನಿಯರು ತೆರಪನ್ನು ತುಂಬಲೆಂದು ಡಾಮರನ್ನು ಏರಿಸುವನು. ಆ ಏರಿಕೆಯು ಟನ್ನುಗಟ್ಟಲೆ ಮಿಶ್ರಣದಲ್ಲಿ ಹೆದ್ದಾರಿಯ ಉದ್ದಕ್ಕೂ ಹಾಸಿಹೋಗುವುದು. ತೆರಪಿಲ್ಲದ ಸಾಂದ್ರತೆಯನ್ನು ಕೆಲವರು ಕಲ್ಲು ಡಾಮರುಗಳ ತೂಕದ ಗುಣಗಳಿಂದ ಲೆಕ್ಕಹಾಕಿಯೇ ತೃಪ್ತಿಪಡುವರು. ಕಲ್ಲು ಸ್ವಲ್ಪ ಡಾಮರನ್ನು ಕುಡಿಯುವುದರಿಂದ ಆ ಲೆಕ್ಕ ನಿಜಕ್ಕೆ ನಿಲ್ಲುವುದಿಲ್ಲ. ಬಿಡಿಬಿಡಿಯಾದ ಮಿಶ್ರಣವನ್ನು ನೀರಿನಲ್ಲಿಟ್ಟು ಗಾಳಿಯನ್ನು ಹೀರಿ ತೆಗೆದು ತೂಗುವ ಪರೀಕ್ಷೆಯನ್ನೇ ಮಾಡಿಸುವುದು ಲೇಸು.

ಇಂಥ ಸೂಕ್ಷ್ಮವಾದ ವಿದ್ಯೆಯು ಕಾಲೇಜುಗಳಲ್ಲಿ ಹೇಗೆ ನಡೆಯುತ್ತದೆಂಬುದನ್ನು ಈಗ ವಿಚಾರಮಾಡಬೇಕು. ಪುಸ್ತಕಗಳಿಗೆ ಕೊರತೆಯಿಲ್ಲ. ಖನ್ನಾ ಮತ್ತು ಜಸ್ಟೋ ಎಂಬ ಇಬ್ಬರು ಪಂಡಿತರು ಬರೆದು ೧೯೭೧ರಲ್ಲಿ ಹೊರಬಂದ ಹೆದ್ದಾರಿ ಶಾಸ್ತ್ರದ ಗ್ರಂಥವನ್ನು ಓದದ ಸಿವಿಲ್ ಇಂಜನಿಯರು ಭರತಖಂಡದಲ್ಲಿ ದುರ್ಲಭ, ಅವರಲ್ಲಿ ಡಾ. ಜಸ್ಟೋ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದರೆಂಬುದು ಈ ಸೀಮೆಗೆ ಹೆಮ್ಮೆ. ಅಡಚಣೆಯಿರುವುದು ಪ್ರಯೋಗಶಾಲೆಯಲ್ಲಿ. ಹದಿನೈದು ಬಿಲ್ಲೆಗಳ ಪರೀಕ್ಷೆಗೆ ಹಲವು ದಿನಗಳು ಬೇಕು. ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಎರಡು ಮೂರು ಘಂಟೆ ಮಾತ್ರ. ಯಂತ್ರ ಒಂದು, ಹುಡುಗರು ಅರವತ್ತು. ಆದುದರಿಂದ ಉಪಾಧ್ಯಾಯರೋ ಪ್ರಯೋಗಶಾಲೆಯ ಸಹಾಯಕರೋ ಒಂದು ಬಿಲ್ಲೆಯನ್ನು ಮಾಡಿ ಒಡೆದು ತೋರಿಸುವರು. ಹಿಂದಿನ ಸಾಲುಗಳವರಿಗೆ ಅದು ಕಾಣದು. ಉಳಿದ ಹದಿನಾಲ್ಕು ಬಿಲ್ಲೆಗಳ ಅಂಕಿಗಳು ಹಳೆಯ ರೆಕಾರ್ಡು ಪುಸ್ತಕದಿಂದ ಹೊಸ ರೆಕಾರ್ಡು ಪುಸ್ತಕಕ್ಕೆ ದಾಟುವುವು. ಹೀಗೆ ದಾಟಿದ ರೇಖೆಗಳು ಯಾವಾಗಲೂ ಅತ್ಯಂತ ನಯವಾಗಿರುವುವು. ಶಿಖರಗಳು ತಕ್ಕ ಸ್ಥಳದಲ್ಲಿ, ಹರಿವು ತಕ್ಕ ಮಿತಿಯಲ್ಲಿ! ನಿಜವಾಗಿ ಕುಟ್ಟಿ ಒಡೆದ ಬಿಲ್ಲೆಗಳ ಅಂಕಿಗಳಾದರೋ ಅಲ್ಲೊಂದು ಇಲ್ಲೊಂದು ಚದರಿಬೀಳುವುವು. ನಯವಾದ ರೇಖೆಗೆ ಹತ್ತಕ್ಕೆ ಹತ್ತು ಅಂಕವನ್ನೂ ಚದರಿದ ರೇಖೆಗೆ ಆರು ಅಂಕವನ್ನೂ ಕೊಡುವ ಉಪಾಧ್ಯಾಯನು ತಾನರಿಯದೆಯೇ ಸುಳ್ಳಿಗೆ ಬಹುಮಾನವನ್ನು ಕೊಟ್ಟಂತಾಯಿತು.

ಆ ವಿದ್ಯಾರ್ಥಿಯೇ ಎರಡು ವರುಷದ ತರುವಾಯ ಹೆದ್ದಾರಿಯ ಪಕ್ಕದ ಮಿಶ್ರಣದ ಘಟಕದಲ್ಲಿ, ಹೊಗೆಯ ನಡುವೆ, ಗುತ್ತಿಗೆದಾರನ ಲಾರಿಗಳು ಸಾಲಾಗಿ ಕಾದಿರುವಾಗ, ಬಿಲ್ಲೆಯ ಅಂಕಿ ತಕ್ಕಂತೆ ಬಾರದಿರುವಲ್ಲಿ, ಏನುಮಾಡುವನು? ಕಾಲೇಜಿನಲ್ಲಿ ಏನು ರೂಢಿಯಾಯಿತೋ ಅದನ್ನೇ. ಅಲ್ಲಿ ಅವನನ್ನು ತಡೆಯುವವರಿಲ್ಲ. ಅವನ ರುಜುವಿನ ಮೇಲೆ ಲಾರಿಗಳು ಹೊರಡುವುವು. ಗುಂಡಿಗೆ ಬಿದ್ದು ಪ್ರಾಣವನ್ನು ಕಳೆದುಕೊಳ್ಳುವ ದ್ವಿಚಕ್ರವಾಹನದ ಪ್ರಯಾಣಿಕನಿಗೂ ಆ ನಯವಾದ ರೇಖೆಗೂ ಇರುವ ಸಂಬಂಧವನ್ನು ಯಾವ ನ್ಯಾಯಾಲಯವೂ ಹುಡುಕಿ ತೆಗೆಯಲಾರದು.

ಪರಿಹಾರವು ಹೆಚ್ಚು ಹಣದ್ದೂ ಅಲ್ಲ, ಹೆಚ್ಚು ಯಂತ್ರಗಳದ್ದೂ ಅಲ್ಲ. ಅರವತ್ತು ಮಂದಿಯನ್ನು ಐದು ತಂಡಗಳಾಗಿ ಮಾಡಿ, ಒಂದೊಂದು ತಂಡಕ್ಕೆ ಡಾಮರಿನ ಒಂದೊಂದು ಪ್ರಮಾಣವನ್ನು ಒಪ್ಪಿಸಬೇಕು: ಒಂದಕ್ಕೆ ೪.೫, ಮತ್ತೊಂದಕ್ಕೆ ೫.೦, ಹೀಗೆ ೬.೫ರವರೆಗೆ. ಪ್ರತಿಯೊಂದು ತಂಡವೂ ತನ್ನ ಮೂರು ಬಿಲ್ಲೆಗಳನ್ನು ತಾನೇ ಕುಟ್ಟಿ, ತೂಗಿ, ಒಡೆಯಬೇಕು. ಐದು ತಂಡಗಳ ಅಂಕಿಗಳು ಕೂಡಿದಲ್ಲದೆ ಯಾರ ರೇಖೆಯೂ ಪೂರ್ಣವಾಗದು. ಒಂದು ತಂಡವು ಕಳ್ಳತನಮಾಡಿದರೆ ಉಳಿದ ನಾಲ್ಕು ತಂಡಗಳ ರೇಖೆಯು ಅಲ್ಲಿ ಮುರಿಯುವುದು. ಉಪಾಧ್ಯಾಯನು ಹುಡುಕುವ ಮೊದಲೇ ಜೊತೆಯ ವಿದ್ಯಾರ್ಥಿಗಳು ಹಿಡಿಯುವರು. ತನ್ನ ಕಾಯಕದ ಫಲವು ಸಮುದಾಯಕ್ಕೆ ಸಲ್ಲುವುದು, ಸಮುದಾಯದ ಫಲದಲ್ಲಿ ತನಗೂ ಪಾಲು ಬರುವುದು—ದಾಸೋಹದ ಮನೆಯಲ್ಲಿ ಬೆಳೆದವರಿಗೆ ಈ ಏರ್ಪಾಟು ವಿವರಣೆಯಿಲ್ಲದೆಯೇ ತಿಳಿಯುತ್ತದೆ. ೬.೫ರ ತಂಡಕ್ಕೆ ತಮ್ಮ ಪಾಲಿಗೆ ಕೆಟ್ಟ ಮಿಶ್ರಣವೇ ಬಂದಿತೆಂದು ಮೊದಲು ಬೇಸರವಾಗುವುದುಂಟು. ವಾಸ್ತವವಾಗಿ ಹೆಚ್ಚು ಕಲಿಯುವವರು ಅವರೇ. ಕಾದ ನೀರಿನಿಂದ ತೆಗೆದ ಅವರ ಬಿಲ್ಲೆಯು ಬೆರಳಿಗೆ ಮೆತ್ತಗೆ ತಗಲುವುದು, ದವಡೆಯ ನಡುವೆ ಮುರಿಯದೆ ಹಿಸುಕಿಹೋಗುವುದು. ಜಾಡುಬಿದ್ದ ರಸ್ತೆಯನ್ನು ಮುಂದೆ ಎಲ್ಲಿ ಕಂಡರೂ ಆ ಬಿಲ್ಲೆಯೇ ಅವರ ನೆನಪಿಗೆ ಬರುವುದು.

ಇನ್ನೊಂದು ಸೂಚನೆ. ದೃಢತೆಯ ಶಿಖರ, ಸಾಂದ್ರತೆಯ ಶಿಖರ, ನಾಲ್ಕು ಭಾಗ ತೆರಪು ಬರುವ ಪ್ರಮಾಣ—ಈ ಮೂರನ್ನು ಕೂಡಿಸಿ ಮೂರರಿಂದ ಭಾಗಿಸುವ ಪದ್ಧತಿಯು ಪಾಠಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ನಾಲ್ಕು ಭಾಗ ತೆರಪಿನ ಪ್ರಮಾಣವನ್ನೇ ಮೊದಲು ಹಿಡಿದು, ಉಳಿದ ಗುಣಗಳೆಲ್ಲ ಅಲ್ಲಿ ಮಿತಿಯೊಳಗಿವೆಯೇ ಎಂದು ಒಂದೊಂದಾಗಿ ನೋಡುವ ಇನ್ನೊಂದು ಪದ್ಧತಿಯೂ ಉಂಟು. ಎರಡನ್ನೂ ಹೇಳಿಕೊಡಬೇಕು, ಆದರೆ ಎರಡನೆಯದೇ ಮೇಲು. ಭಾಗಾಕಾರವು ವಿದ್ಯಾರ್ಥಿಯ ಪರವಾಗಿ ತೀರ್ಮಾನಮಾಡಿಬಿಡುತ್ತದೆ. ನೋಡುವ ಪದ್ಧತಿಯಲ್ಲಿ ತೀರ್ಮಾನವನ್ನು ಅವನೇ ಮಾಡಬೇಕಾಗುತ್ತದೆ.

ಹೊಸತನ್ನು ಪರೀಕ್ಷಿಸುವುದಕ್ಕೂ ಇದೇ ಅಡಿಪಾಯ. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಡಾ. ಜಸ್ಟೋ ಮತ್ತು ಡಾ. ವೀರರಾಘವನ್ ಅವರು ಬಿಸಾಡಿದ ಪ್ಲಾಸ್ಟಿಕ್ ಚೀಲಗಳನ್ನು ಸಂಸ್ಕರಿಸಿ ಡಾಮರಿನ ಮಿಶ್ರಣಕ್ಕೆ ಸೇರಿಸುವ ವಿಷಯದಲ್ಲಿ ನಡೆಸಿದ ಪರೀಕ್ಷೆಗಳ ವರದಿಯು ೨೦೦೨ರಲ್ಲಿ ಹೊರಬಂದಿತು. ಡಾಮರಿನ ತೂಕದ ನೂರಕ್ಕೆ ಎಂಟರಷ್ಟು ಪ್ಲಾಸ್ಟಿಕ್ ಸೇರಿಸಿದಲ್ಲಿ ಮಿಶ್ರಣದ ಗುಣ ಸುಧಾರಿಸಿದುದನ್ನು ಅವರು ಇದೇ ಕಪ್ಪು ಬಿಲ್ಲೆಗಳಿಂದಲೇ ಕಂಡುಕೊಂಡರು. ಆ ಸುದ್ದಿಯನ್ನು ವಿದ್ಯಾರ್ಥಿಗೆ ಕಥೆಯಂತೆ ಹೇಳುವುದು ಸುಲಭ. ಚೀಲ ಸೇರಿಸಿದ ಮೂರು, ಸೇರಿಸದ ಮೂರು ಬಿಲ್ಲೆಗಳನ್ನು ಅವನಿಂದಲೇ ಕುಟ್ಟಿಸುವುದು ಶ್ರಮ. ಶ್ರಮವನ್ನು ತಪ್ಪಿಸಬಾರದು.

ಅಂಕ ಕೊಡುವ ಕ್ರಮದಲ್ಲಿಯೂ ಸ್ವಲ್ಪ ಬದಲಾವಣೆ ಬೇಕು. ಐದು ತಂಡಗಳು ಕೂಡಿ ಎಳೆದ ರೇಖಾಪಟವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ರೆಕಾರ್ಡಿನಲ್ಲಿ ಬರೆದುಕೊಳ್ಳಲಿ. ಒಂದೊಂದು ಚುಕ್ಕೆಯ ಕೆಳಗೆ ಅದನ್ನು ಮಾಡಿದ ತಂಡದ ಹೆಸರಿರಲಿ. ಮೂರು ಬಿಲ್ಲೆಗಳಲ್ಲಿ ಒಂದು ಅತಿಯಾಗಿ ಬೇರೆಯಾದರೆ, ಏಕೆ ಬೇರೆಯಾಯಿತೆಂದು ಆ ತಂಡವು ಕಂಡುಕೊಂಡು ಎರಡು ಸಾಲು ಬರೆಯಲಿ: ಪೆಟ್ಟಿನ ಎಣಿಕೆ ತಪ್ಪಿತೋ, ಮಿಶ್ರಣವು ಕುಟ್ಟುವ ಮೊದಲೇ ತಣಿದಿತ್ತೋ, ತೂಗುವಾಗ ಗುಳ್ಳೆಯಿತ್ತೋ. ಆ ಎರಡು ಸಾಲಿಗೆ ಅಂಕವಿರಲಿ. ಕಾರಣ ತಿಳಿಯದಿದ್ದರೆ ಚುಕ್ಕೆಯ ಸ್ಥಳವು ಖಾಲಿಯಾಗಿಯೇ ಉಳಿಯಲಿ; ಮುಂದಿನ ವಾರ ಆ ತಂಡವು ಬೇಗನೆ ಬಂದು, ಒಲೆ ಹೊತ್ತಿಸಿ, ಮೂರು ಬಿಲ್ಲೆಗಳನ್ನು ಮತ್ತೆ ಕುಟ್ಟಲಿ.